ಒಲೆ ಇರೋ ಊರಲ್ಲೇ ಕಾಗದ

ಬೆಳಗ್ಗೆ ಐದೂವರೆ. ತಮಿಳುನಾಡಿನ ಗಡಿ ಊರು ಗುಮ್ಮಳಾಪುರದ ಭಾಗ್ಯಮ್ಮನವರ ಹಿತ್ತಿಲಲ್ಲಿ ಬಾಣಲೆ ಕಾದಿದೆ, ರಾಗಿ ಚಟಪಟ ಅರಳುತ್ತಿದೆ. ಪಕ್ಕದಲ್ಲಿ ಮಣೆ ಹಾಕಿಕೊಂಡು ಕೂತಿರುವ ಗಂಗಾದೇವಿ ಒಂದು ಕೈ ಸಹಾಯ ಮಾಡುತ್ತಿಲ್ಲ. ಸುಮ್ಮನೆ ನೋಡುತ್ತಿದ್ದಾರೆ. ಅದೇ ಅವರ ಕೆಲಸ.

ಸಣ್ಣ ವ್ಯಾಪಾರಕ್ಕೆ ಯಾವ ಲೈಸೆನ್ಸ್ ಬೇಕು, ಯಾವುದು ಬೇಡ ಎಂದು ಪತ್ತೆ ಮಾಡಿಕೊಡುವವರು ಬೇರಿಕೆ ಊರಿನ ಈ ಐವತ್ತೆರಡರ ಹೆಂಗಸು. ಹನ್ನೊಂದು ವರ್ಷದಲ್ಲಿ ಮುನ್ನೂರು ಅಂಗಡಿ ದಾಟಿದೆಯಂತೆ. ತೆಗೆದುಕೊಳ್ಳುವುದು ಒಂದು ದಿನದ ಕೂಲಿ.

"ಏನ್ ವ್ಯಾಪಾರ ಅಂತ ನಾನ್ ಕೇಳಾಕಿಲ್ಲ. ನೀ ಕೆಲ್ಸ ಮಾಡು, ನಾ ನೋಡ್ತೀನಿ ಅಂತೀನಿ. ಕೈ ಏನೇನ್ ಮುಟ್ತದೋ ಅದಕ್ ತಾನೆ ಕಾಗದ?"

ಹೊಸೂರಿನ ಫ್ಯಾಕ್ಟರಿಗಳ ಹತ್ತಿರ ಅವರದೇ ಒಂದು ಇಡ್ಲಿ ಮೆಸ್ ಇತ್ತು. ಯಾವ ಕಾಗದ ಬೇಕೆಂದು ಯಾರೂ ಹೇಳಿರಲಿಲ್ಲ, ಒಂದು ದಿನ ಬೀಗ ಬಿತ್ತು. ಏಳು ತಿಂಗಳು ಆಫೀಸಿಂದ ಆಫೀಸಿಗೆ ಅಲೆದರು. ಮೆಸ್ ಹೋಯಿತು, ದಾರಿ ಗೊತ್ತಾಯಿತು. ತಮಿಳು ಅರ್ಜಿ ಓದುವುದನ್ನು ಅಲ್ಲಿನ ಬೆಂಚಿನ ಮೇಲೆ ಕೂತೇ ಕಲಿತರು.

ಈಗ ಭಾಗ್ಯಮ್ಮನವರ ಸರದಿ. ಅವರ ಹುರಿಹಿಟ್ಟನ್ನು ಹೊಸೂರಿನ ಅಂಗಡಿಯೊಂದು ವಾರಕ್ಕೆ ಇನ್ನೂರು ಪೊಟ್ಟಣ ಕೇಳಿದೆ. ತಿಂಗಳೊಳಗೆ ಕಾಗದ ತೋರಿಸದಿದ್ದರೆ ಆರ್ಡರ್ ಬೇರೆಯವರಿಗೆ. ಬ್ರೋಕರ್ ಒಬ್ಬ ಒಂಬತ್ತು ಲೈಸೆನ್ಸ್ ಬೇಕೆಂದು ಹೆದರಿಸಿದ್ದಾನೆ. ಸಾಲದ್ದಕ್ಕೆ ಭಾಗ್ಯಮ್ಮ ತಾವೇ ಒಂದು ಎಡವಟ್ಟು ಮಾಡಿಕೊಂಡಿದ್ದಾರೆ. ಕನ್ನಡದಲ್ಲಿ ವಿಚಾರಿಸಬಹುದಲ್ಲ ಎಂದು ಗಡಿ ದಾಟಿ ಹೋಗಿ, ಕರ್ನಾಟಕದಲ್ಲಿರುವ ಅಣ್ಣನ ಮನೆ ವಿಳಾಸಕ್ಕೆ ಆಹಾರದ ನೋಂದಣಿ ಮಾಡಿಸಿ ತಂದಿದ್ದಾರೆ. ಅಂಗಡಿಯವರು ಒಪ್ಪಿಲ್ಲ.

ಅದನ್ನು ನೋಡಿ ಗಂಗಾದೇವಿಗೆ ನಗು. "ನಿಮ್ಮಣ್ಣ ಕೂತ್ಕಂಡ್ ಹುರೀತಾನಾ? ಒಲೆ ಯಾವೂರಾಗೈತೋ ಕಾಗದಾನೂ ಅದೇ ಊರಿಂದ್ ಆಗ್ಬೇಕು ಕಣವ್ವ."

ಹತ್ತು ಗಂಟೆಗೆ ಪಟ್ಟಿ ಸಿದ್ಧ. ಹಿಟ್ಟು ಬೀಸುವುದು ಪಕ್ಕದ ಬೀದಿಯ ಮುನಿರಾಜ್ ಅವರ ಮಿಲ್ಲಿನಲ್ಲಿ, ಹಾಗಾಗಿ ಮಿಷನ್ನಿನ ಕಾಗದ ಮುನಿರಾಜ್ ಪಾಲಿಗೆ. ಹೀಗೆ ಒಂದೊಂದೇ ಉದುರಿ ಉಳಿಯುವುದು ನಾಲ್ಕು: ಈ ಮನೆ ವಿಳಾಸಕ್ಕೆ ಆಹಾರದ ನೋಂದಣಿ, ಪಂಚಾಯಿತಿ ಲೈಸೆನ್ಸ್, ತಕ್ಕಡಿಗೆ ಮುದ್ರೆ, ಪೊಟ್ಟಣ ಕಟ್ಟಲು ತೂಕ-ಅಳತೆಯವರ ನೋಂದಣಿ.

ಪಂಚಾಯಿತಿಯಲ್ಲಿ ಗುಮಾಸ್ತರು 'ಫ್ಯಾಕ್ಟರಿ' ಎಂದು ಬರೆಯಲು ಹೊರಟಾಗ ಗಂಗಾದೇವಿ ತಮಿಳಿನಲ್ಲೇ ಬಾಣಲೆಯ ಅಗಲ ಹೇಳುತ್ತಾರೆ, ಎರಡೂ ಕೈ ಚಾಚಿ ತೋರಿಸುತ್ತಾರೆ. ಗುಮಾಸ್ತರು ನಕ್ಕು 'ಮನೆ ಕೈಗಾರಿಕೆ' ಎಂದು ತಿದ್ದುತ್ತಾರೆ.

ನಾಲ್ಕನೇ ಕಾಗದ ಬರುವಾಗ ತಿಂಗಳಿಗೆ ಇನ್ನೂ ಆರು ದಿನ ಬಾಕಿ. ಮೊದಲ ಇನ್ನೂರು ಪೊಟ್ಟಣ ಹೊಸೂರು ಬಸ್ಸು ಹತ್ತುವುದನ್ನು ನೋಡಲು ಬೀದಿಯವರೆಲ್ಲ ನಿಂತಿದ್ದಾರೆ. ಇಷ್ಟು ವರ್ಷದಲ್ಲಿ ಏನು ಸಿಕ್ಕಿತು ಎಂದು ನಾನು ಕೇಳುತ್ತೇನೆ. ತಾವು ನೋಡಿ ಕಾಗದ ಮಾಡಿಸಿದ ಅಂಗಡಿ ಒಂದೂ ಮುಚ್ಚಿಸಿಕೊಂಡಿಲ್ಲ, ಅಷ್ಟು ಸಾಕು ಎನ್ನುತ್ತಾರೆ ಗಂಗಾದೇವಿ.

ಬಸ್ಸು ಹೊರಟರೂ ಭಾಗ್ಯಮ್ಮನವರಿಗೆ ಅಳುಕು. "ಅಕ್ಕ, ಇನ್ಯಾವ್ದಾದ್ರೂ ಆಫೀಸು ಬಾಕಿ ಐತಾ?"

"ಯಾವ್ದೂ ಇಲ್ಲ. ಮುಂದಿನ ವಾರಕ್ಕೂ ಇನ್ನೂರ್ ಬೇಕಂತೆ, ಹೋಗಿ ರಾಗಿ ನೆನೆಹಾಕು."