ಸವಿತಾ ಒತ್ತದ ಬಟನ್

ಸವಿತಾಳನ್ನು ನಾನು ಮೊದಲು ನೋಡಿದ್ದು ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಕಚೇರಿಯ ಗಾಜಿನ ಬಾಗಿಲ ಮುಂದೆ. ಇಬ್ಬರಿಗೂ ಅದು ಕೆಲಸದ ಮೊದಲ ದಿನ. ಬಾಗಿಲನ್ನು ತಳ್ಳಬೇಕೋ ಎಳೆಯಬೇಕೋ ತಿಳಿಯದೆ, ಯಾರಾದರೂ ಬಂದರೆ ಅವರ ಹಿಂದೆ ಒಳಗೆ ಹೋಗೋಣವೆಂದು ನಾನು ನಿಂತಿದ್ದೆ. ಅವಳು ಹೆಬ್ಬಗೋಡಿಯಿಂದ ನಡೆದೇ ಬಂದಿದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದ ಜಡೆ, ಧೂಳು ಮೆತ್ತಿದ ಚಪ್ಪಲಿ, ಕೈಯಲ್ಲಿ ಹಳೆ ಸೀರೆಯ ತುಂಡಿನಲ್ಲಿ ಕಟ್ಟಿದ ರೊಟ್ಟಿ. ಸೆಕ್ಯುರಿಟಿಯವನು ಅವಳನ್ನು ತಡೆದ.

"ಹೌಸ್‌ಕೀಪಿಂಗ್‌ನವರಿಗೆ ಹಿಂದಿನ ಗೇಟು ಕಣಮ್ಮ."

"ನಾನು ಡೇಟಾ ಟೀಮು, ಅಣ್ಣ. ಆದ್ರೂ ಕೇಳ್ತೀನಿ, ಅವರು ಈ ಬಾಗಿಲಲ್ಲಿ ಬಂದ್ರೆ ಗಾಜು ಒಡೆದೋಗತ್ತಾ?"

ಅವನು ಪಕ್ಕಕ್ಕೆ ಸರಿದ. ಅವಳು ನನ್ನ ಕಡೆ ತಿರುಗಿ, "ನೀವೂ ಹೊಸಬರಾ? ತಳ್ಳಿ, ಅದು ಎಳೆಯೋ ಬಾಗಿಲಲ್ಲ" ಎಂದಳು.

ಅವಳ ಅಪ್ಪ ಅಮರಪ್ಪ ಲಿಂಗಸುಗೂರು ಕಡೆಯವರು, ಕಟ್ಟಡಗಳಿಗೆ ಕಂಬಿ ಕಟ್ಟುವ ಕೆಲಸ. ಏಳುತ್ತಿದ್ದ ಕಟ್ಟಡಗಳ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಬೆಳೆದ ಸವಿತಾ, ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದ್ದಳು. ಇದನ್ನೆಲ್ಲ ಅವಳು ಮುಚ್ಚಿಡಲೂ ಇಲ್ಲ, ಹೇಳಿಕೊಂಡು ತಿರುಗಲೂ ಇಲ್ಲ.

ನಮ್ಮದು ಜಾಹೀರಾತು ಕಂಪನಿ. ಫೋನಿನಲ್ಲಿ ಬರುವ ಜಾಹೀರಾತನ್ನು ಯಾರು ನೋಡಿದರು, ಯಾರು ಒತ್ತಿದರು, ಯಾರು ಕರೆ ಮಾಡಿದರು ಎಂಬುದು ಆ ಕ್ಷಣವೇ ನಮ್ಮ ಪರದೆಯ ಮೇಲೆ ಮೂಡುತ್ತದೆ. ಅದನ್ನು ನೋಡುತ್ತಲೇ ಓಡುವ ಜಾಹೀರಾತನ್ನು ಹೆಚ್ಚು ಜನರಿಗೆ ತಲುಪಿಸಬೇಕು, ಓಡದ್ದನ್ನು ನಿಲ್ಲಿಸಬೇಕು.

ನಾವು ಸೇರಿದ ಕೆಲವು ತಿಂಗಳಿಗೆ ಪೀಣ್ಯದ ಒಂದು ತರಬೇತಿ ಕೇಂದ್ರದವರು ನಮ್ಮ ಗ್ರಾಹಕರಾದರು. ಕಾರ್ಮಿಕರಿಗೆ ಭಾನುವಾರ ಯಂತ್ರ ನಡೆಸುವುದನ್ನು ಕಲಿಸುತ್ತಿದ್ದರು. ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು ಜಾಹೀರಾತು. ಎರಡರಲ್ಲೂ "ಮಿಸ್ಡ್ ಕಾಲ್ ಕೊಡಿ" ಎಂಬ ಸಾಲು. ಯಾವುದಕ್ಕೆ ಹೆಚ್ಚು ನಿಜವಾದ ಕರೆ ಬರುತ್ತದೋ ಆ ಭಾಷೆಯಲ್ಲಿ ಮಾತ್ರ ತರಗತಿ ಎಂದು ಅವರು ತೀರ್ಮಾನಿಸಿದ್ದರು. ಒಂದೇ ನಂಬರಿನಿಂದ ಬೆನ್ನುಬೆನ್ನಿಗೆ ಕರೆ ಬಂದರೆ ನಮ್ಮ ಪರದೆ ಅದನ್ನು ಕೆಂಪು ಮಾಡಿ, ಸುಳ್ಳು ಕರೆ ಎಂದು ಲೆಕ್ಕದಿಂದ ತೆಗೆಯುತ್ತಿತ್ತು. ಜಾಹೀರಾತು ಬಿಟ್ಟ ದಿನ ಮಧ್ಯಾಹ್ನದ ಹೊತ್ತಿಗೆ ಕನ್ನಡದ ಕರೆಗಳ ಪಟ್ಟಿ ಮೆಣಸಿನಕಾಯಿ ಒಣಹಾಕಿದ ಹಾಗೆ ಕೆಂಪಗಾಗಿತ್ತು.

ಮ್ಯಾನೇಜರ್ ವಿಶ್ವನಾಥ್ ಬಂದು ನೋಡಿದರು. "ಸವಿತಾ, ಕನ್ನಡದ್ದು ಸ್ಟಾಪ್ ಮಾಡಮ್ಮ. ಬರೀ ಫೇಕು."

"ಮಾಡಲ್ಲ ಸಾರ್."

ಕೆಲಸ ಇನ್ನೂ ಖಾಯಂ ಆಗದೆ ಪ್ರೊಬೇಷನ್‌ನಲ್ಲಿರುವವರ ಬಾಯಿಂದ ಅಂಥ ಮಾತನ್ನು ನಮ್ಮ ಮಹಡಿಯಲ್ಲಿ ಯಾರೂ ಕೇಳಿರಲಿಲ್ಲ. ಪಕ್ಕದ ಕುರ್ಚಿಯಲ್ಲಿದ್ದ ನಾನು ಕೀಬೋರ್ಡಿನಿಂದ ಕೈ ತೆಗೆದೆ.

"ಯಾಕೆ? ಸಿಸ್ಟಮ್ಮೇ ಹೇಳ್ತಿದೆಯಲ್ಲ."

"ಸಿಸ್ಟಮ್ ನಮ್ಮಂಥವರ ರೂಮಿಗೆ ಬಂದಿಲ್ಲ ಸಾರ್. ಫೇಕ್ ಅನ್ನೋ ಮುಂಚೆ ಫೋನ್ ಮಾಡಿ ಕೇಳೋಣ." ಅವರು ಒಪ್ಪುವ ಮೊದಲೇ ಕೆಂಪು ನಂಬರೊಂದಕ್ಕೆ ಕರೆ ಮಾಡಿ ಸ್ಪೀಕರ್ ಹಾಕಿದಳು.

"ಯಾವನ್ ಮಚ್ಚಾ?... ಅಯ್ಯೋ ಮೇಡಂ! ಫ್ರೆಂಡ್ ಫೋನಲ್ಲಿ ಸುಮ್ನೆ ಆಟ ಆಡ್ತಿದ್ದೆ, ಬಿಟ್ಬಿಡಿ ಮೇಡಂ."

ಸುತ್ತಲಿದ್ದವರೆಲ್ಲ ನಕ್ಕರು. "ಸಾಕಾ?" ಎಂದರು ವಿಶ್ವನಾಥ್.

"ಇವನು ಫೇಕೇ, ಒಪ್ಕೋತೀನಿ. ಮುಂದಿಂದು ನೋಡೋಣ."

ಎರಡನೆಯ ಕರೆಯನ್ನು ಅರ್ಧ ರಿಂಗಿಗೇ ಎತ್ತಿದರು. "ಹಲೋ, ಕ್ಲಾಸಿನವ್ರೇನ್ರೀ? ನಾ ಹನುಮೇಶ ರೀ, ಬಾಗಲಗುಂಟಿಯಿಂದ."

ಸವಿತಾಳ ಮಾತು ತಾನಾಗಿಯೇ ಊರಿನ ಕಡೆ ಹೊರಳಿತು. "ಇಷ್ಟು ಸಲ ಯಾಕ ಮಿಸ್ಡ್ ಕಾಲ್ ಕೊಟ್ರಿ ಅಣ್ಣಾ?"

"ಒಂದು ನಂದ್ರೀ. ಆಮ್ಯಾಲಿಂದು ನಮ್ಮ ಅಳಿಯಂದು. ರೂಮಿನ್ಯಾಗ ಇದ್ದವ್ರೆಲ್ಲಾ ಇದ ಫೋನಿಂದ ತಲಿಗೊಂದು ಕೊಟ್ಟೀವಿ. ಉಳದವ್ರ ಫೋನಿಂದು ರೀಚಾರ್ಜ್ ಮುಗದೈತಿ. ಒಂದ ಕೊಟ್ರ ಒಬ್ಬನ್ನ ಕರದು ಉಳದವ್ರನ್ನ ಬಿಟ್ಟೀರಿ ಅಂತ!"

ಹಿಂದಿನಿಂದ ಯಾರೋ ಕೂಗಿದರು: "ಮಾವಾ, ನನ್ನ ಹೆಸರೂ ಹೇಳೋ!"

ವಿಶ್ವನಾಥ್ ಕನ್ನಡಕ ತೆಗೆದು ಒರೆಸಿದರು. ಅವರು ಕೆಟ್ಟವರಲ್ಲ, ಲೆಕ್ಕದ ಮನುಷ್ಯ. "ಒಂದು ರೂಮಿನ ಕಥೆ ಡೇಟಾ ಆಗಲ್ಲಮ್ಮ."

"ಆಗಲ್ಲ. ಅದಕ್ಕೇ ಎಲ್ಲಾ ಕೆಂಪು ನಂಬರಿಗೂ ಮಾಡ್ತೀನಿ. ಅಲ್ಲೀವರೆಗೂ ಜಾಹೀರಾತು ಓಡ್ಲಿ. ಈಗ ನಿಲ್ಸಿದ್ರೆ ಇವರ ಕ್ಲಾಸೇ ಹೋಯ್ತು."

"ನಿನ್ನ ಕನ್ಫರ್ಮೇಷನ್ ನನ್ನ ಕೈಲಿದೆ. ನೆನಪಿರ್ಲಿ."

"ನೆನಪಿದೆ ಸಾರ್. ಇವರನ್ನ ಫೇಕ್ ಅಂತ ಅಳಿಸಿ ಕನ್ಫರ್ಮ್ ಆಗೋದು ನಂಗೆ ಬೇಡ." ಅವಳು ಮೌಸನ್ನು ಅವರ ಕಡೆ ಸರಿಸಿದಳು. "ನಿಲ್ಲಿಸ್ಲೇಬೇಕು ಅಂದ್ರೆ ನೀವೇ ಒತ್ತಿ. ನನ್ ಕೈಲಿ ಆಗಲ್ಲ."

ಅವರು ಮೌಸನ್ನು ನೋಡಿದರು. ಮುಟ್ಟಲಿಲ್ಲ. "ಸಂಜೆವರೆಗೂ ಟೈಮು," ಎಂದು ಹೊರಟುಹೋದರು.

ನಾನೂ ಹೆಡ್‌ಸೆಟ್ ಹಾಕಿಕೊಂಡೆ. ಆ ಮಧ್ಯಾಹ್ನ ನಾವು ಮಾತಾಡಿದವರಲ್ಲಿ ಆಟವಾಡಿದವರೂ ಇದ್ದರು, ತಪ್ಪಿ ಒತ್ತಿದವರೂ ಇದ್ದರು. ಆದರೆ ಹೆಚ್ಚಿನ ಕೆಂಪು ನಂಬರುಗಳ ಹಿಂದೆ ಒಂದೊಂದು ಇಡೀ ರೂಮಿತ್ತು. ಒಂದು ಕಡೆ ಗಾರ್ಮೆಂಟ್ಸ್ ಹೆಂಗಸರು ಊಟದ ಬಿಡುವಿನಲ್ಲಿ ಒಬ್ಬಳ ಫೋನನ್ನೇ ಕೈಯಿಂದ ಕೈಗೆ ದಾಟಿಸಿ ಕರೆ ಕೊಟ್ಟಿದ್ದರು. ನಿಜವಾದವರನ್ನು ಲೆಕ್ಕಕ್ಕೆ ಮರಳಿ ಸೇರಿಸುತ್ತ ಹೋದಂತೆ ಕನ್ನಡದ ಜಾಹೀರಾತು ಇಂಗ್ಲಿಷಿನದನ್ನು ದಾಟಿತು. ಬೆನ್ನುಬೆನ್ನಿಗೆ ಬರುವ ಕರೆ ಇನ್ನು ಕೆಂಪಾಗಬಾರದು, ಹಳದಿಯಾಗಬೇಕು, ಹಳದಿಯಾದವರನ್ನು ಫೋನ್ ಮಾಡಿ ಕೇಳಬೇಕು ಎಂದು ಸವಿತಾ ನಿಯಮ ಬದಲಿಸಿದಳು. ಸಂಜೆ ವಿಶ್ವನಾಥ್ ಅದಕ್ಕೆ ಒಪ್ಪಿಗೆ ಕೊಟ್ಟರು. ಪೀಣ್ಯದಲ್ಲಿ ಕನ್ನಡದ ತರಗತಿ ಶುರುವಾಯಿತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಅವಳ ಕನ್ಫರ್ಮೇಷನ್ ಮುಂದಕ್ಕೆ ಹೋಯಿತು, "ಸೂಚನೆ ಪಾಲಿಸಿಲ್ಲ" ಎಂಬ ಷರಾ ಸಹಿತ. ನನಗೆ ಸಿಟ್ಟು ಬಂತು. ಅವಳು ಆ ಪತ್ರ ಓದಿ ಸಹಿ ಹಾಕಿದಳು. "ನಿಜ ತಾನೇ? ಪಾಲಿಸ್ಲಿಲ್ಲ. ಮುಂದೆಯೂ ಇಂಥದ್ದನ್ನ ಪಾಲಿಸಲ್ಲ ಅಂತ ಕೆಳಗೆ ಬರೀಲಾ?"

ನಾನು ಬೇಡವೆಂದೆ. ಅವಳು ಬರೆದಳು.

ಸವಿತಾ ಈಗಲೂ ಅದೇ ಮಹಡಿಯಲ್ಲಿದ್ದಾಳೆ, ಕೆಲಸ ಖಾಯಂ ಆಗಿದೆ. ಯಾವ ಜಾಹೀರಾತು ಶುರುವಾದರೂ, ಪರದೆ ಬೇಡವೆಂದು ತಳ್ಳಿದ ನಂಬರುಗಳಿಗೆ ಫೋನ್ ಮಾಡಿ ಮಾತಾಡುವುದು ಅವಳ ಕೆಲಸ.