ಗುಳಿ ಬಿದ್ದ ಬಿಳಿ ಕೀ

ವಸ್ತುಗಳಿಗೂ ನೆನಪಿರುತ್ತದೆ ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮೂವತ್ತು ವರ್ಷ ಪಿಯಾನೊ ರಿಪೇರಿ ಮಾಡಿದ್ದೇನೆ. ಮರ, ತಂತಿ, ಉಣ್ಣೆ ಬಟ್ಟೆ, ಅದರೊಳಗಿರುವುದು ಇಷ್ಟೇ. ಮುಂದಿನದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ಬೇರೆ ಯಾರಾದರೂ ಹೇಳಿದ್ದರೆ ನಾನಂತೂ ನಂಬುತ್ತಿರಲಿಲ್ಲ.

ಕೆಲವು ವರ್ಷಗಳ ಹಿಂದೆ ರಾಮನಗರದ ಒಬ್ಬ ನಿವೃತ್ತ ಟೀಚರ್ ತಮ್ಮ ಹಳೆಯ ಪಿಯಾನೊದ ಬಿಳಿ ಕೀಗಳನ್ನು ಸರಿಮಾಡಲು ಕರೆದರು. ಅವರಿಗೆ ಕಣ್ಣು ಪೂರ್ತಿ ಹೋಗಿತ್ತು. ಪ್ಲಾಸ್ಟಿಕ್ ಕೂಡದು, ಹಳೇ ಕಾಲದ ಸಾಮಾನೇ ಆಗಬೇಕು ಎಂಬ ಹಟ ಬೇರೆ. ಈ ಶೋಕಿ ನನಗೆ ಹೊಸದಲ್ಲ. ನಡುವಿನ ಒಂದು ಕೀಯ ಮೇಲಿನ ದಂತದ ಬಿಲ್ಲೆ ಅವರ ಹೆಬ್ಬೆರಳು ತಾಗಿ ತಾಗಿ ಗುಳಿಬಿದ್ದಿತ್ತು.

"ಅದೊಂದನ್ನ ಮುಟ್ಬೇಡಿ. ನಾನು ದಾರಿ ಹುಡುಕೋದೇ ಅದರಿಂದ. ಅದು ಹೋದ್ರೆ ಮತ್ತೆ ನುಡಿಸಲ್ಲ," ಎಂದರು. ಕಣ್ಣಿಲ್ಲದವರೆಲ್ಲ ಕಪ್ಪು ಕೀ ತಡವಿ ನುಡಿಸುತ್ತಾರೆ, ಇವರದೊಂದು ನಾಟಕ ಎಂದುಕೊಂಡು, ಬಾಯಲ್ಲಿ ಮಾತ್ರ ಹೂಂ ಎಂದೆ.

ಕೀಗಳನ್ನು ಚನ್ನಪಟ್ಟಣಕ್ಕೆ ಒಯ್ದೆ. ಅಲ್ಲಿ ಬೊಂಬೆ ಮಾಡುವ ಬಶೀರ್ ಸಾಬರು ಎಮ್ಮೆ ಮೂಳೆಯನ್ನು ತೆಳ್ಳಗೆ ಕುಯ್ದು, ಸರೇಸು ಕಾಯಿಸಿ ಅಂಟಿಸಿ, ತಾಳೆಗರಿಯಿಂದ ಉಜ್ಜಿ ಹೊಳಪು ತರುತ್ತಿದ್ದರು. ಕೈ ಎಷ್ಟು ಚುರುಕೋ ಮಾತು ಅಷ್ಟೇ ಪೊಳ್ಳು ಎಂಬುದು ಆಗಿನ ನನ್ನ ತೀರ್ಮಾನ. ಆ ಗುಳಿಬಿದ್ದ ಕೀ ಕೈಗೆ ಬಂದಾಗ ಅವರು ಕೆಲಸ ನಿಲ್ಲಿಸಿದರು. "ಇದೊಂದ್ನ ಬುಟ್ಬುಡಿ ಸಾರ್. ಇದ್ರಲ್ಲಿ ಬೆರಳು ಕುಂತೈತೆ."

"ಕುಂತಿದ್ರೆ ಎಬ್ಬಿಸಿ ಕಳಿಸಿ ಸಾಬ್ರೆ," ಎಂದು ನಕ್ಕು, ಬಿಲ್ಲೆಯನ್ನು ನಾನೇ ಕಿತ್ತೆ. ಹೊಸ ಮೂಳೆಯನ್ನೂ ನಾನೇ ಅಂಟಿಸಿ, ಸ್ಟೀಲ್ ಪಟ್ಟಿ ಇಟ್ಟು ನೋಡಿದೆ. ಕೂದಲೆಳೆಯಷ್ಟೂ ತಗ್ಗಿರಲಿಲ್ಲ.

ಮರುವಾರ ಮಧ್ಯಾಹ್ನ ಟೀಚರ್ ಮನೆಯಲ್ಲಿ ಕೀಗಳನ್ನು ಕೂರಿಸುವಾಗಲೂ ಪಟ್ಟಿ ಇಟ್ಟೆ, ಸಮವಾಗಿಯೇ ಇತ್ತು. ಅವರು ಬಂದು ಕೂತರು. ಒಸಿ ತಡಕಾಡಲಿ, ಆಮೇಲೆ ಪಾಠ ಹೇಳೋಣ ಎಂದು ನಾನು ಕಾದು ನಿಂತೆ. ಅವರ ಹೆಬ್ಬೆರಳು ನೇರವಾಗಿ ಆ ಕೀಯ ಮೇಲೆ ಹೋಗಿ ಒಮ್ಮೆ ಸವರಿತು. ನುಡಿಸತೊಡಗಿದರು. ಒಂದು ಸ್ವರವೂ ತಪ್ಪಲಿಲ್ಲ.

ಕೈ ತೆಗೆದಾಗ ಬಗ್ಗಿ ನೋಡಿದೆ. ಹೊಸ ಮೂಳೆಯಲ್ಲಿ ಗುಳಿ ಇತ್ತು. ಪಟ್ಟಿ ಇಟ್ಟರೆ ಅಡಿಯಲ್ಲಿ ಬೆಳಕು ಕಂಡಿತು. ನನಗೆ ಹೆದರಿಕೆಯಾಯಿತು. ಹೊರಗೆ ಹೋಗಿ ಬಶೀರ್ ಸಾಬರಿಗೆ ಫೋನ್ ಮಾಡಿದರೆ, "ಅದ್ನ ನಾನ್ ಮುಟ್ಟೇ ಇಲ್ವಲ್ಲ ಸಾರ್, ನೀವೇ ಅಲ್ವಾ ಮಾಡಿದ್ದು," ಎಂದರು. ಸರೇಸು ತೇವ ಹೀರಿತೆ, ಮೂಳೆ ಬಗ್ಗಿತೆ ಎಂದು ಇವತ್ತಿಗೂ ಯೋಚಿಸುತ್ತೇನೆ. ಯಾವುದೂ ಹೊಂದುವುದಿಲ್ಲ.

ಹೊರಡುವಾಗ ಟೀಚರ್ ನನ್ನ ಕೈ ಹಿಡಿದುಕೊಂಡರು. "ನೀವು ಮಾತು ಕೇಳೋರಲ್ಲ ಅನ್ಕೊಂಡಿದ್ದೆ. ಅದೊಂದನ್ನ ಹಾಗೇ ಬಿಟ್ರಲ್ಲ, ನಿಮಗೆ ಒಳ್ಳೇದಾಗ್ಲಿ," ಎಂದರು.

"ಅದಕ್ಕೇನಂತೆ ಮೇಡಂ," ಎಂದೆ.