ಧನ್ಯವಾದದ ಸ್ಲೈಡಿನ ಆಚೆ

ನಮ್ಮ ಮೇಲ್ವಿಚಾರಕನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಎದುರಿಗೆ ‘ಸರ್’ ಅನ್ನುತ್ತಿದ್ದೆ, ಇಲ್ಲಿ ಅವನು ಎಂದೇ ಬರೆಯುತ್ತೇನೆ. ಮೆಟ್ಟಿಲ ಮೇಲೆ ಅವನ ಚಪ್ಪಲಿಯ ಸಪ್ಪಳ ಕೇಳಿದರೆ ಸಾಕು, ಮೈಯೆಲ್ಲ ಉರಿಯುತ್ತಿತ್ತು.

ಹಳ್ಳಿಗಳಿಗೆ ದವಾಖಾನೆ ಗಾಡಿ ಕಳಿಸುವ ಒಂದು ಟ್ರಸ್ಟಿನ ಹಳಿಯಾಳ ಕಚೇರಿಯಲ್ಲಿ ನಾನು ಕಂಪ್ಯೂಟರ್ ಆಪರೇಟರ್ ಆಗಿದ್ದೆ. ದಾಂಡೇಲಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದೆ. ಡಾಕ್ಟರು, ನರ್ಸು, ಔಷಧಿ ಎಲ್ಲ ಒಂದೇ ಗಾಡಿಯಲ್ಲಿ. ಅದು ವಾರಕ್ಕೊಮ್ಮೆ ಒಂದೊಂದು ಊರಿನಲ್ಲಿ ನಿಲ್ಲುತ್ತಿತ್ತು. ಯಾವ ಊರು ಇರಲಿ, ಯಾವುದನ್ನು ಬಿಡಲಿ ಎಂದು ಟ್ರಸ್ಟಿನ ಹಿರಿಯರು ತಿಂಗಳ ಸಭೆಯಲ್ಲಿ ತೀರ್ಮಾನಿಸುತ್ತಿದ್ದರು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ನಾಲ್ಕೂ ಕಡೆಯ ಕಾರ್ಯಕರ್ತೆಯರು ತಮ್ಮ ತಮ್ಮ ವರದಿಯ ಪಿಪಿಟಿ ಮೊದಲೇ ಕಳಿಸಿ, ಸಭೆಗೆ ಬಂದು ವಿವರಿಸುತ್ತಿದ್ದರು. ಆ ಸ್ಲೈಡುಗಳನ್ನೆಲ್ಲ ಕಾಪಿ ಮಾಡಿ ಒಂದೇ ಫೈಲಿಗೆ ಹಾಕುವುದು ನನ್ನ ಕೆಲಸ.

ಹೇಳಲು ಸುಲಭ. ಒಂದು ಫೈಲಿನಿಂದ ಎತ್ತಿ ಇನ್ನೊಂದಕ್ಕೆ ಹಾಕಿದರೆ ಬಣ್ಣ ಬದಲಾಗುತ್ತಿತ್ತು, ಫೋಟೋ ಜರಗುತ್ತಿತ್ತು, ಕನ್ನಡ ಅಕ್ಷರ ಹೋಗಿ ಬರೀ ಚೌಕಗಳು ಕೂಡುತ್ತಿದ್ದವು. ಒಂದೊಂದನ್ನೂ ತಿದ್ದುವುದರಲ್ಲಿ ಎರಡು ದಿನ ಹೋಗುತ್ತಿತ್ತು. ಅವನು ಬೆನ್ನ ಹಿಂದೆ ನಿಂತು, “ಕಾಪಿ ಹೊಡಿಯಾಕ ಎರಡ ದಿನಾ ಬೇಕೇನವಾ? ನನ್ನ ಮಗಳು ಊಟಾ ಮಾಡ್ಕೋತ ಮಾಡಿ ಒಗೀತಾಳ” ಅನ್ನುತ್ತಿದ್ದ. ಸಭೆಯಲ್ಲಿ ಯಾರಾದರೂ ಚೆನ್ನಾಗಿದೆ ಅಂದರೆ, “ನಾನ ಕುಂತು ಮಾಡಸೇನ್ರಿ” ಎಂದು ಹಲ್ಲು ಕಿರಿಯುತ್ತಿದ್ದ.

ಆ ಸಿಟ್ಟಿಗೇ ನಾನು ಮ್ಯಾಕ್ರೋ ಕಲಿತೆ. ಕಂಪ್ಯೂಟರಿಗೆ ಒಮ್ಮೆ ಬರೆದಿಟ್ಟರೆ ಮತ್ತೆ ಮತ್ತೆ ತಾನೇ ಮಾಡುವ ಆಜ್ಞೆಗಳ ಪಟ್ಟಿ ಅದು. ಬಸ್ಸಿನಲ್ಲಿ ಮೊಬೈಲಿನ ವಿಡಿಯೋ ನೋಡಿ, ನೋಟ್‌ಬುಕ್ಕಿಗೆ ಇಳಿಸಿಕೊಂಡು, ಕಚೇರಿಯಲ್ಲಿ ಟೈಪ್ ಮಾಡಿ, ತಪ್ಪಾಗಿ, ತಿದ್ದಿ, ಮತ್ತೆ ತಪ್ಪಾಗಿ, ಒಂದು ದಿನ ಕೂಡಿಬಂತು. ಗುಂಡಿ ಒತ್ತಿದೆ. ನಾಲ್ಕೂ ಫೈಲು ತೆರೆದು ಮುಚ್ಚಿಕೊಂಡವು, ಸ್ಲೈಡುಗಳು ತಮ್ಮ ಬಣ್ಣ ಸಮೇತ ಸಾಲಾಗಿ ಬಂದು ಕೂತವು. ಒಂದು ನಿಮಿಷವೂ ಹಿಡಿಯಲಿಲ್ಲ.

ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಉಳಿದ ಎರಡು ದಿನಕ್ಕೆ ಅವನು ಬೇರೆ ಕತ್ತೆ ಚಾಕರಿ ಹಚ್ಚುತ್ತಿದ್ದ. ಅದಕ್ಕೇ ಮೊದಲಿನ ಹಾಗೆಯೇ ಎರಡು ದಿನ ಮೌಸ್ ಹಿಡಿದು, ಹುಬ್ಬು ಗಂಟಿಕ್ಕಿ ಕೂಡುತ್ತಿದ್ದೆ. ಅವನು ಬಂದಾಗ ಉಸ್ಸೆನ್ನುತ್ತಿದ್ದೆ. ಅವನಿಗೆ ಟೋಪಿ ಹಾಕುತ್ತಿದ್ದೇನೆ ಎಂಬ ಖುಷಿಯಲ್ಲಿ ಊಟವೂ ರುಚಿಯಾಗುತ್ತಿತ್ತು.

ಒಂದೇ ತೊಡಕು ಇತ್ತು. ನಾಲ್ಕೂ ಪಿಪಿಟಿಗಳಲ್ಲಿ ಗುಲಾಬಿ ಹೂವು, ಮುಗಿದ ಕೈಗಳ ಚಿತ್ರದೊಂದಿಗೆ ‘ಧನ್ಯವಾದಗಳು’ ಎಂಬ ಸ್ಲೈಡ್ ಇರುತ್ತಿತ್ತು. ಒಂದೇ ಸಭೆಯಲ್ಲಿ ನಾಲ್ಕು ಸಲ ಧನ್ಯವಾದ ಬಂದು ಹಿರಿಯರು ನಕ್ಕರು, ಅವನು ಎಲ್ಲರೆದುರು ನನ್ನ ಮೇಲೆ ಹರಿಹಾಯ್ದ. ಮರುದಿನವೇ ಮ್ಯಾಕ್ರೋಗೆ ಒಂದು ಸಾಲು ಸೇರಿಸಿದೆ: ಧನ್ಯವಾದ ಕಂಡ ಕೂಡಲೇ ಆ ಫೈಲು ಬಿಟ್ಟು ಮುಂದಿನದಕ್ಕೆ ಹೋಗು.

ಕೆಲವು ತಿಂಗಳ ನಂತರ, ಜನ ಕಡಿಮೆ ಬರುತ್ತಾರೆಂದು ಜೋಯಿಡಾ ಕಡೆಯ ಕುಂಬಾರವಾಡವನ್ನು ಕೈಬಿಡುವ ಮಾತು ಎದ್ದಿತು. ಅಲ್ಲಿಗೆ ಬಸ್ಸೇ ಅಪರೂಪ. ಗಾಡಿ ನಿಂತರೆ ಬಸುರಿಯರು, ಬಿಪಿ ಗುಳಿಗೆಯ ಮುದುಕರು ಎಲ್ಲಿಗೆ ಹೋಗಬೇಕು? ಜೋಯಿಡಾದ ಕಾರ್ಯಕರ್ತೆ ನನಗಿಂತ ಹಿರಿಯರು. ಮನೆಮನೆಗೆ ಅಲೆದು, ಯಾರು ಎಷ್ಟು ದೂರದಿಂದ ನಡೆದು ಬರುತ್ತಾರೆ ಎಂದು ಫೋಟೋ ಸಮೇತ ಮೂರು ಸ್ಲೈಡ್ ಮಾಡಿದ್ದರು. ಸಭೆಯ ಹಿಂದಿನ ದಿನ ಫೋನು ಮಾಡಿದರು.

“ತಂಗೀ, ನಮ್ಮ ಕುಂಬಾರವಾಡದ್ದು ಬಂತೇನ? ಫೋಟೋ ಸರಿ ಕಾಣ್ತಾವಲ್ಲಾ?”

“ಎಲ್ಲಾ ಹಾಕೇನ್ರಿ ಅಕ್ಕಾರ, ಚಿಂತಿ ಮಾಡಬ್ಯಾಡ್ರಿ,” ಎಂದೆ. ನೋಡದೆಯೇ ಎಂದೆ. ನೋಡಲು ಎರಡು ದಿನ ಸಿಕ್ಕಿತ್ತು, ಆ ಎರಡೂ ದಿನ ನಾನು ನಟಿಸುತ್ತ ಕೂತಿದ್ದೆ.

ಸಭೆಯಲ್ಲಿ ಲ್ಯಾಪ್‌ಟಾಪ್ ಮುಂದೆ ನಾನಿದ್ದೆ. ಜೋಯಿಡಾದ ವರದಿ ಮುಗಿಯಿತು. ಅಕ್ಕಾ ಸೆರಗು ಸರಿಮಾಡಿಕೊಂಡು, “ಕುಂಬಾರವಾಡದ್ದು ಐತ್ರಿ. ಮುಂದಿಂದು ಹಾಕ ತಂಗೀ” ಅಂದರು. ಒತ್ತಿದೆ. ಪರದೆಯ ಮೇಲೆ ಮುಂಡಗೋಡದ ಚಿಗಳ್ಳಿಯ ಶಿಬಿರ ಬಂತು. ಹಿಂದೆ ಹೋದೆ, ಮುಂದೆ ಹೋದೆ. ಇಲ್ಲ.

ಆಗ ಹೊಳೆಯಿತು. ತೊಂದರೆ ತಾಪತ್ರಯದ ಸ್ಲೈಡುಗಳನ್ನು ಧನ್ಯವಾದದ ನಂತರವೇ ಇಡಬೇಕು ಎಂಬುದು ಅವನದೇ ಕಟ್ಟಳೆ. “ಮೊದಲ ಅಳಕೋತ ಕುಂದರಬ್ಯಾಡ್ರಿ, ಹಿರ್ಯಾರು ಕೇಳಿದ್ರ ಅಷ್ಟ ತೋರಸ್ರಿ” ಅನ್ನುತ್ತಿದ್ದ. ನಾಲ್ಕೂ ತಾಲೂಕಿನವರು ಹಾಗೆಯೇ ಮಾಡುತ್ತಿದ್ದರು. ಇದು ನನಗೆ ಗೊತ್ತಿತ್ತು, ಆದರೂ ಧನ್ಯವಾದ ಕಂಡಲ್ಲೇ ಬಿಡು ಎಂದು ಮ್ಯಾಕ್ರೋಗೆ ಬರೆದಿದ್ದೆ. ಹಿರಿಯರು ಎಂದೂ ಕೇಳುತ್ತಿರಲಿಲ್ಲ, ಹಾಗಾಗಿ ತಿಂಗಳುಗಟ್ಟಲೆ ಎಲ್ಲರ ತೊಂದರೆಗಳೂ ಬಿದ್ದುಹೋಗಿದ್ದು ಯಾರ ಗಮನಕ್ಕೂ ಬಂದಿರಲಿಲ್ಲ.

ಅಕ್ಕಾ ಕಳಿಸಿದ ಫೈಲು ಅದೇ ಲ್ಯಾಪ್‌ಟಾಪಿನಲ್ಲಿತ್ತು. ತೆರೆಯಲು ಎರಡು ಕ್ಲಿಕ್ ಸಾಕು. ತೆರೆದಿದ್ದರೆ, ಎರಡು ದಿನ ಕೂತು ಕಾಪಿ ಮಾಡಿದವಳ ಕಣ್ಣಿಗೆ ಮೂರು ಸ್ಲೈಡ್ ಹೇಗೆ ಬೀಳಲಿಲ್ಲ ಎಂದು ಅವನು ಕೇಳುತ್ತಿದ್ದ. ನಾನು ಮೌಸಿನ ಮೇಲೆ ಕೈಯಿಟ್ಟು ತಲೆ ತಗ್ಗಿಸಿದೆ.

“ಕಳಿಸೇ ಇಲ್ಲ ನೋಡ್ರಿ ಇವರು, ಪ್ರತಿ ಸಲಾ ಇದ ಹಣೇಬಾರ,” ಎಂದ ಅವನು. ಅಕ್ಕಾ ಏನೋ ಹೇಳಹೋದರು, ಮಾತು ತಡವರಿಸಿತು. ಹಿರಿಯರೊಬ್ಬರು ಗಡಿಯಾರ ನೋಡಿಕೊಂಡರು. ಕುಂಬಾರವಾಡವನ್ನು ಪಟ್ಟಿಯಿಂದ ತೆಗೆದರು.

ಸಭೆ ಮುಗಿದ ಮೇಲೆ ಅಕ್ಕಾ ಹೊರಗೆ ನನ್ನನ್ನು ಹುಡುಕಿಕೊಂಡು ಬಂದರು. ಬೈಯಲಿ ಎಂದು ಕಾಯುತ್ತಿದ್ದೆ, ನಿಜವಾಗಿಯೂ ಕಾಯುತ್ತಿದ್ದೆ. ಅವರು ನನ್ನ ಕೈ ಹಿಡಿದುಕೊಂಡರು.

“ನೀ ಹಾಕಿದ್ದಿ, ನನಗ ಗೊತ್ತೈತಿ. ಆ ಹಲ್ಕಟ್ ಮನಶ್ಯಾನ ತೆಗಸ್ಯಾನ. ಹೌದಿಲ್ಲೋ?”

ಅವನು ಮಾಡಿದ ಹೊಲಸು ಕೆಲಸಗಳಿಗೆ ಲೆಕ್ಕವಿಲ್ಲ. ಇದೊಂದನ್ನು ಅವನು ಮಾಡಿರಲಿಲ್ಲ.

“ಹೌದ್ರಿ ಅಕ್ಕಾರ, ಅವನ ತೆಗಸಿದ,” ಎಂದೆ. ಆಮೇಲೆ ಅವನನ್ನು ಅಕ್ಕನಿಗಿಂತ ಜೋರಾಗಿ ಬೈದೆ.